ದಾರಿ ಮಧ್ಯೆ ನಿಲ್ಲುವ ಎಲೆಕ್ಟ್ರಿಕ್ ಸ್ಕೂಟರ್: ದೋಷ ಬ್ಯಾಟರಿಯದ್ದೋ, ಜೋಡಣೆಯದ್ದೋ?

ಓಡುತ್ತಿದ್ದ ಎಲೆಕ್ಟ್ರಿಕ್ ಸ್ಕೂಟರ್ ಇದ್ದಕ್ಕಿದ್ದಂತೆ ನಿಂತರೆ ಹೆಚ್ಚಿನವರ ಬಾಯಿಂದ ಮೊದಲು ಬರುವ ಮಾತು "ಬ್ಯಾಟರಿ ಹೋಯ್ತು" ಅಂತ. ಗಾಡಿಯಲ್ಲಿ ಎಲ್ಲಕ್ಕಿಂತ ದುಬಾರಿ ಭಾಗ ಅದು. ಹಾಗಾಗಿ ಭಯವೂ ಅದರ ಬಗ್ಗೆಯೇ ಜಾಸ್ತಿ. ಆದರೆ ಬ್ಯಾಟರಿಯಿಂದ ಚಕ್ರ ತಲುಪುವಷ್ಟರಲ್ಲಿ ಕರೆಂಟ್ ಎಷ್ಟೊಂದು ಕಡೆ ದಾಟಬೇಕು ನೋಡಿ: ಕನೆಕ್ಟರ್, ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಅಥವಾ ಫ್ಯೂಸ್, ಕಾಂಟ್ಯಾಕ್ಟರ್ (ಮುಖ್ಯ ಕರೆಂಟನ್ನು ಕೂಡಿಸಿ ಕಡಿಯುವ ದೊಡ್ಡ ರಿಲೇ), ಮೋಟಾರಿಗೆ ಎಷ್ಟು ಕರೆಂಟ್ ಅಂತ ನಿರ್ಧರಿಸುವ ಕಂಟ್ರೋಲರ್‌ನ ಬೋಲ್ಟುಗಳು, ಮೋಟಾರಿನ ಮೂರು ದಪ್ಪ ತಂತಿಗಳು. ಇವುಗಳಲ್ಲಿ ಒಂದು ಸಡಿಲವಾದರೂ ಸಾಕು, ಕೆಟ್ಟ ಬ್ಯಾಟರಿಯ ಲಕ್ಷಣಗಳೆಲ್ಲ ಕಾಣಿಸಿಕೊಳ್ಳುತ್ತವೆ.

ಇದಕ್ಕೆ ತಿರುಗುಮುರುಗಾದ ತಪ್ಪೂ ನಡೆಯುತ್ತದೆ. ನಿಜವಾಗಿಯೂ ಬ್ಯಾಟರಿಯೇ ಹಾಳಾಗಿರುತ್ತದೆ. ಆದರೂ "ಸುಮ್ನೆ ಇನ್ನೊಂದು ಸಲ ಚಾರ್ಜ್‌ಗೆ ಹಾಕಿ ನೋಡೋಣ" ಅಂತ ಮನೆಯೊಳಗೆ ತಂದು ಹಾಕುತ್ತಾರೆ. ಮೊದಲ ತಪ್ಪಿನಿಂದ ದುಡ್ಡು ಹೋಗುತ್ತದೆ, ಎರಡನೆಯದರಿಂದ ಮನೆಯೇ ಹೋಗಬಹುದು. ಇವೆರಡನ್ನೂ ಬೇರೆ ಮಾಡಿ ನೋಡುವುದು ಹೇಗೆ ಅನ್ನುವುದಕ್ಕೆ ಈ ಕೈಪಿಡಿ.

ಈ ಲಕ್ಷಣ ಕಂಡರೆ ಪರೀಕ್ಷೆ ಬೇಡ, ದೂರ ಹೋಗಿ

ಬ್ಯಾಟರಿ ಪೆಟ್ಟಿಗೆ ಉಬ್ಬಿದೆಯಾ? ಒಳಗಿಂದ ಬುಸ್ ಎನ್ನುವ ಸದ್ದೋ, ಪಟಪಟ ಸಿಡಿಯುವ ಸದ್ದೋ ಬರುತ್ತಿದೆಯಾ? ಥಿನ್ನರ್ ತರಹದ ಸಿಹಿ ಘಾಟು ಹೊಡೆಯುತ್ತಿದೆಯಾ? ಗಾಡಿ ನಿಲ್ಲಿಸಿದ ಮೇಲೂ ಬ್ಯಾಟರಿಯ ಬಿಸಿ ಇಳಿಯುವ ಬದಲು ಏರುತ್ತಿದೆಯಾ? ಇವುಗಳಲ್ಲಿ ಒಂದಿದ್ದರೂ ಮೀಟರ್ ತೆಗೆಯಬೇಡಿ. ಚಾರ್ಜ್‌ನಲ್ಲಿದ್ದರೆ, ಗೋಡೆಯ ಸ್ವಿಚ್ ಸುರಕ್ಷಿತವಾಗಿ ಕೈಗೆ ಸಿಗುವಂತಿದ್ದರೆ ಮಾತ್ರ ಆರಿಸಿ. ಜನರನ್ನು ಹೊರಗೆ ಕಳುಹಿಸಿ, ಬಾಗಿಲು ಎಳೆದುಕೊಂಡು ಹೊರಬಂದು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ.

ಇಷ್ಟು ಅವಸರ ಯಾಕೆ ಅಂದರೆ, ಲಿಥಿಯಂ ಸೆಲ್‌ನ ಬಿಸಿ ಒಂದು ಮಿತಿ ದಾಟಿದ ಮೇಲೆ ಅದರೊಳಗಿನ ರಾಸಾಯನಿಕ ಕ್ರಿಯೆಗಳೇ ಇನ್ನಷ್ಟು ಬಿಸಿ ಹುಟ್ಟಿಸುತ್ತವೆ. ಇದಕ್ಕೆ ಥರ್ಮಲ್ ರನ್‌ಅವೇ ಅನ್ನುತ್ತಾರೆ. ಪ್ಲಸ್ ಮತ್ತು ಮೈನಸ್ ಪದರಗಳ ನಡುವಿನ ಪಾಲಿಎಥಿಲೀನ್ ತೆರೆ ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ತೆರೆ ಹರಿದರೆ ಸೆಲ್ ಒಳಗೇ ಶಾರ್ಟ್ ಆಗುತ್ತದೆ. ಒಂದು ಸೆಲ್‌ನ ಬಿಸಿ ಪಕ್ಕದ ಸೆಲ್‌ಗೆ ಹರಡುತ್ತದೆ. ಆಗ ಬರುವ ಬಿಳಿ ಹೊಗೆ ಬರೀ ಹೊಗೆಯಲ್ಲ. ಅದರಲ್ಲಿ ಹೊತ್ತಿಕೊಳ್ಳುವ ಹೈಡ್ರೋಜನ್ ಇರುತ್ತದೆ, ವಿಷವಾದ ಹೈಡ್ರೋಜನ್ ಫ್ಲೋರೈಡ್ ಕೂಡ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡರೆ ಒಮ್ಮೆಲೇ ಸಿಡಿಯಬಹುದು. ಮನೆಯಲ್ಲಿರುವ ಸಣ್ಣ ಎಕ್ಸ್‌ಟಿಂಗ್ವಿಷರ್ ಮೇಲಿನ ಜ್ವಾಲೆಯನ್ನು ಆರಿಸಿದರೂ ಒಳಗಿನ ಬಿಸಿ ಹಾಗೇ ಉಳಿಯುತ್ತದೆ. ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳುವುದು ಅದಕ್ಕೇ.

ಲಿಥಿಯಂ ಸೆಲ್‌ಗಳಲ್ಲೇ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯವು ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್) ಬಗೆಗಿಂತ ಜಾಸ್ತಿ ಬಿಸಿ ತಡೆಯುತ್ತವೆ, ನಿಜ. ಆದರೆ "ಎಲ್‌ಎಫ್‌ಪಿಗೆ ಬೆಂಕಿ ಹತ್ತುವುದೇ ಇಲ್ಲ" ಅನ್ನುವ ಮಾತು ಸುಳ್ಳು. ಅವೂ ಹೊತ್ತುವ ಅನಿಲ ಬಿಡುತ್ತವೆ.

ನೀರಿನಲ್ಲಿ ಮುಳುಗಿದ ಸ್ಕೂಟರ್ ಕೂಡ ಇದೇ ಪಟ್ಟಿಗೆ ಸೇರುತ್ತದೆ. ಐಪಿ67 ಅಂತ ಬರೆದಿರುವುದನ್ನು ಜನ ಜಾಸ್ತಿಯೇ ನಂಬುತ್ತಾರೆ. ಅದರ ಅರ್ಥ, ಹೊಸದಾಗಿದ್ದಾಗ ಆ ಭಾಗ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆದುಕೊಳ್ಳುತ್ತದೆ ಅಂತ. ಪ್ರೆಷರ್ ವಾಷ್‌ನ ರಭಸಕ್ಕೆ ತಡೆಯುತ್ತದೆ ಅಂತ ಅಲ್ಲ. ನಾಲ್ಕು ವರ್ಷ ಹಳೆಯದಾದ ಗ್ಯಾಸ್ಕೆಟ್‌ಗೂ ಆ ಮಾತು ಅನ್ವಯಿಸುತ್ತದೆ ಅಂತ ಅಲ್ಲ. ಮುಳುಗಿದ ಗಾಡಿಯ ಕೀ ತಿರುಗಿಸಬೇಡಿ, ಚಾರ್ಜ್ ಹಾಕಬೇಡಿ. ನೀರು ಒಳಗೆ ಹೋದ ಪ್ಯಾಕ್ (ಸೆಲ್‌ಗಳೆಲ್ಲ ಇರುವ ಬ್ಯಾಟರಿ ಪೆಟ್ಟಿಗೆ) ದಿನಗಳ ನಂತರವೂ ಶಾರ್ಟ್ ಆಗಬಹುದು. ಮನೆಯಿಂದ ದೂರ, ಬಯಲಿನಲ್ಲಿ ಇಟ್ಟು ತಯಾರಕರ ಸರ್ವೀಸ್ ಕೇಂದ್ರಕ್ಕೆ ತಿಳಿಸಿ.

ಕೈ ಹಾಕುವ ಮುನ್ನ

ಮೇಲಿನ ಯಾವ ಲಕ್ಷಣವೂ ಇಲ್ಲದಿದ್ದರೆ ಮುಂದುವರಿಯಬಹುದು. ಒಂದು ಡಿಜಿಟಲ್ ಮಲ್ಟಿಮೀಟರ್ ಬೇಕು. ಕನಿಷ್ಠ ಮತ್ತು ಗರಿಷ್ಠ ಓದುವಿಕೆಯನ್ನು ನೆನಪಿಟ್ಟುಕೊಳ್ಳುವ ಬಟನ್ ಅದರಲ್ಲಿದ್ದರೆ ಅರ್ಧ ಕೆಲಸ ಸಲೀಸು. ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ ಗಟ್ಟಿ ಸ್ಟ್ಯಾಂಡ್ ಬೇಕು. ಉಂಗುರ, ಕೈಗಡಿಯಾರ, ಸರ ತೆಗೆದಿಡಿ.

60 ವೋಲ್ಟ್ ದಾಟಿದ ಡಿಸಿ ಕರೆಂಟನ್ನು ಮೈಗೆ ಅಪಾಯ ಅಂತಲೇ ಲೆಕ್ಕ ಹಾಕುತ್ತಾರೆ. 20 ಸೆಲ್ ಸಾಲಿನ 72 ವೋಲ್ಟ್ ಎನ್‌ಎಂಸಿ ಪ್ಯಾಕ್ ಪೂರ್ತಿ ತುಂಬಿದಾಗ 84 ವೋಲ್ಟ್ ಇರುತ್ತದೆ. ಇನ್ನು 48 ವೋಲ್ಟ್ ಪ್ಯಾಕ್‌ನಲ್ಲಿ ಶಾಕ್‌ಗಿಂತ ಶಾರ್ಟ್‌ನ ಭಯ ಹೆಚ್ಚು. ಸ್ಪ್ಯಾನರ್ ಒಂದು ಪ್ಲಸ್‌ಗೂ ಮೈನಸ್‌ಗೂ ತಗಲಿದರೆ ನೂರಾರು ಆಂಪಿಯರ್ ಹರಿದು ಲೋಹವೇ ಕರಗುತ್ತದೆ. ಬ್ಯಾಟರಿ ಬಿಚ್ಚಿದ ಮೇಲೂ ಕಂಟ್ರೋಲರ್‌ನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಕೆಲವು ನಿಮಿಷ ಕಾದು, ಮೀಟರ್‌ನಲ್ಲಿ ನೋಡಿ, ಆಮೇಲೆ ಮುಟ್ಟಿ.

ಬ್ಯಾಟರಿ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ತೆರೆಯಬೇಡಿ. ಮುಂದೆ ಹೇಳುವ ಪರೀಕ್ಷೆಗಳೆಲ್ಲ ಆ ಪೆಟ್ಟಿಗೆಯ ಹೊರಗೇ ಮಾಡುವಂಥವು.

ಮೊದಲ ಪ್ರಶ್ನೆ: ನಿಂತಾಗ ಡಿಸ್‌ಪ್ಲೇ ಕೂಡ ಆರಿತಾ?

ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ. ಎಷ್ಟೋ ಸಲ ಗಾಡಿ ಸರ್ವೀಸ್‌ಗೆ ಹೋದಾಗ ಯಾರೂ ಇದನ್ನು ಕೇಳುವುದೇ ಇಲ್ಲ. ಅದು ನನಗೆ ತುಂಬಾ ಬೇಸರದ ವಿಷಯ.

ಗಾಡಿ ನಿಂತ ಕ್ಷಣದಲ್ಲೇ ಡಿಸ್‌ಪ್ಲೇ, ಹೆಡ್‌ಲೈಟ್ ಎಲ್ಲ ಆರಿದರೆ ಮುಖ್ಯ ಕರೆಂಟೇ ಕಡಿದಿದೆ. ಕಾರಣ ಬ್ಯಾಟರಿ, ಅದರೊಳಗಿನ ಬಿಎಂಎಸ್ (ಸೆಲ್‌ಗಳನ್ನು ಕಾಯುತ್ತಾ, ಅಪಾಯ ಕಂಡರೆ ಕರೆಂಟ್ ಕಡಿಯುವ ಸರ್ಕ್ಯೂಟ್), ಎಂಸಿಬಿ, ಮುಖ್ಯ ಕನೆಕ್ಟರ್, ಇವುಗಳಲ್ಲಿ ಒಂದು. ಇಲ್ಲವೇ ದೀಪಗಳಿಗೆ 12 ವೋಲ್ಟ್ ಕೊಡುವ ಡಿಸಿ ಕನ್ವರ್ಟರ್.

ಡಿಸ್‌ಪ್ಲೇ ಉರಿಯುತ್ತಲೇ ಇದ್ದು ಎಳೆತ ಮಾತ್ರ ನಿಂತರೆ ಬ್ಯಾಟರಿಯ ಮೇಲಿನ ಅನುಮಾನ ಕಡಿಮೆಯಾಗುತ್ತದೆ. ಥ್ರಾಟಲ್, ಬ್ರೇಕ್ ಲಿವರ್‌ನ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್, ಮೋಟಾರಿನ ಹಾಲ್ ಸೆನ್ಸರ್ (ಚಕ್ರದ ಕೋನ ತಿಳಿಸುವ ಚಿಪ್), ಬಿಸಿಯೇರಿದ ಕಂಟ್ರೋಲರ್, ಇವುಗಳನ್ನು ನೋಡಬೇಕು. ಆದರೆ ಒಂದು ಮಾತು. ಕೆಲವು ಗಾಡಿಗಳಲ್ಲಿ ದೀಪಕ್ಕೆ ಬೇರೆಯೇ ಸಣ್ಣ 12 ವೋಲ್ಟ್ ಬ್ಯಾಟರಿ ಇರುತ್ತದೆ. ಅಂಥದ್ದರಲ್ಲಿ ಮುಖ್ಯ ಬ್ಯಾಟರಿ ಕಡಿದರೂ ಡಿಸ್‌ಪ್ಲೇ ಉರಿಯಬಹುದು. ನಿಮ್ಮ ಗಾಡಿ ಯಾವ ಬಗೆಯದು ಅಂತ ಮೊದಲೇ ತಿಳಿದುಕೊಳ್ಳಿ.

ನಿಂತ ತಕ್ಷಣ ಮೊಬೈಲಿನಲ್ಲಿ ಡಿಸ್‌ಪ್ಲೇಯ ಫೋಟೋ ತೆಗೆಯಿರಿ. ಎರರ್ ಕೋಡ್, ಉಳಿದ ಚಾರ್ಜ್, ಏರೋ ಸಮತಟ್ಟೋ, ಮಳೆಯೋ ಬಿಸಿಲೋ, ಮತ್ತೆ ಆನ್ ಆಗಲು ಎಷ್ಟು ಹೊತ್ತು ಹಿಡಿಯಿತು, ಎಲ್ಲ ಬರೆದಿಡಿ. ಬಂದು ಹೋಗುವ ದೋಷವನ್ನು ನೆನಪಿನ ಮೇಲೆ ಹಿಡಿಯಲಾಗದು. ಬರೆದ ಸಾಲುಗಳನ್ನು ಪಕ್ಕಪಕ್ಕ ಇಟ್ಟಾಗ ಹಿಡಿಯಬಹುದು.

ಏರಿನಲ್ಲಿ ಎಲ್ಲವೂ ಆರುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಸರಿಯಾಗುತ್ತದೆ

ಜನ ಅತಿ ಹೆಚ್ಚು ದೂರುವ ತೊಂದರೆ ಇದು. ಅತಿ ಹೆಚ್ಚು ತಪ್ಪು ತೀರ್ಪು ಕೊಡುವುದೂ ಇದಕ್ಕೇ.

ನಿಂತ ಗಾಡಿಯ ಬ್ಯಾಟರಿಗೆ ಮೀಟರ್ ಹಿಡಿದರೆ ವೋಲ್ಟೇಜ್ ಚೆನ್ನಾಗಿಯೇ ಕಾಣುತ್ತದೆ. ಆಗ "ಬ್ಯಾಟರಿ ಸರಿ ಇದೆ" ಅಂತ ಒಬ್ಬರು, "ಹಾಗಾದರೆ ಕಂಟ್ರೋಲರ್ ಬದಲಿಸಿ" ಅಂತ ಇನ್ನೊಬ್ಬರು. ಎರಡೂ ಊಹೆ. ಭಾರ ಇಲ್ಲದಾಗ ಅಳೆದ ವೋಲ್ಟೇಜ್ ಈ ದೋಷದ ಬಗ್ಗೆ ಏನೂ ಹೇಳುವುದಿಲ್ಲ. ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು.

ಅಳೆಯುವ ಕ್ರಮ ಹೀಗೆ. ಕೀ ಆಫ್, ಎಂಸಿಬಿ ಆಫ್. ಕಂಟ್ರೋಲರ್‌ಗೆ ಕರೆಂಟ್ ಬರುವ ಪ್ಲಸ್ ಮತ್ತು ಮೈನಸ್‌ಗೆ ಮೀಟರ್‌ನ ತಂತಿಗಳನ್ನು ಕಟ್ಟಿ. ತುದಿಗಳಿಗೆ ಟೇಪ್ ಸುತ್ತಿ, ಒಂದಕ್ಕೊಂದು ತಗಲದಂತೆ ಬೇರೆ ಬೇರೆ ಕಡೆ ಬಿಗಿಯಿರಿ. ಮೀಟರನ್ನು ಕನಿಷ್ಠ ಓದುವಿಕೆ ಹಿಡಿಯುವಂತೆ ಇಟ್ಟು ಸೀಟಿನಡಿ ಭದ್ರ ಮಾಡಿ. ವಾಹನ ಓಡಾಡದ ಜಾಗದಲ್ಲಿ, ಹೆಲ್ಮೆಟ್ ಹಾಕಿಕೊಂಡು, ಒಂದು ಏರು ಹತ್ತಿಸಿ. ಮೀಟರನ್ನು ಕೈಯಲ್ಲಿ ಹಿಡಿದು ಓಡಿಸುವುದು ಬೇಡವೇ ಬೇಡ. ಆ್ಯಪ್‌ನಲ್ಲಿ ಪ್ಯಾಕ್‌ನ ವೋಲ್ಟೇಜ್ ಮತ್ತು ಕರೆಂಟ್ ದಾಖಲಾಗುವ ಗಾಡಿಯಾದರೆ ಇನ್ನೂ ಒಳ್ಳೆಯದು. ಆ ದಾಖಲೆಯನ್ನೂ ಮೀಟರನ್ನೂ ಹೋಲಿಸಿ ನೋಡಬಹುದು.

ಒಂದು ಲೆಕ್ಕ ನೋಡೋಣ. 16 ಸೆಲ್ ಸಾಲಿನ ಎನ್‌ಎಂಸಿ ಪ್ಯಾಕ್ ಅಂದುಕೊಳ್ಳಿ. ನಿಂತಾಗ 58 ವೋಲ್ಟ್. ಏರಿನಲ್ಲಿ 40 ಆಂಪಿಯರ್ ಎಳೆದಾಗ 54 ತೋರಿಸಿದರೆ ಕುಸಿತ 4 ವೋಲ್ಟ್. ಅಂದರೆ ದಾರಿಯ ಒಟ್ಟು ರೆಸಿಸ್ಟೆನ್ಸ್ 0.1 ಓಮ್. ಇಷ್ಟಕ್ಕೆ ಗಾಡಿ ನಿಲ್ಲುವುದಿಲ್ಲ. ಅದೇ 48ಕ್ಕೆ ಇಳಿದರೆ ಸೆಲ್‌ಗೆ ಸರಾಸರಿ 3 ವೋಲ್ಟ್. ಬಿಎಂಎಸ್ ಅಥವಾ ಕಂಟ್ರೋಲರ್ ಕರೆಂಟ್ ಕಡಿಯುವ ಮಟ್ಟ ಸಾಮಾನ್ಯವಾಗಿ ಇದರ ಆಸುಪಾಸಿನಲ್ಲೇ ಇರುತ್ತದೆ. ಥ್ರಾಟಲ್ ಬಿಟ್ಟ ಕೂಡಲೇ ವೋಲ್ಟೇಜ್ ಮೇಲೇರುತ್ತದೆ, ಗಾಡಿ ಮತ್ತೆ ಸ್ಟಾರ್ಟ್ ಆಗುತ್ತದೆ. "ಸ್ವಲ್ಪ ಹೊತ್ತು ಬಿಟ್ಟರೆ ಸರಿಯಾಗುತ್ತೆ" ಅನ್ನುವುದರ ಗುಟ್ಟು ಇದೇ.

ಈಗ ಮುಖ್ಯ ಪ್ರಶ್ನೆ: ಆ ಕುಸಿತ ಪ್ಯಾಕ್‌ನ ಒಳಗೋ, ಹೊರಗಿನ ಜೋಡಣೆಯಲ್ಲೋ?

ಮೀಟರನ್ನು ಪ್ಲಸ್ ಮತ್ತು ಮೈನಸ್ ನಡುವೆ ಹಿಡಿಯುವ ಬದಲು ಒಂದೇ ತಂತಿಯ ಎರಡು ಕಡೆ ಹಿಡಿಯಿರಿ. ಕನೆಕ್ಟರ್‌ನ ಈಚೆ ಒಂದು ತುದಿ, ಆಚೆ ಇನ್ನೊಂದು ತುದಿ. ಮೊದಲು ಪ್ಲಸ್ ಬದಿ, ಆಮೇಲೆ ಮೈನಸ್ ಬದಿ. ಮೈನಸ್ ಬದಿಯನ್ನು ಜನ ಮರೆತೇ ಬಿಡುತ್ತಾರೆ. ಭಾರ ಬಿದ್ದಾಗ ಒಳ್ಳೆಯ ಜೋಡಣೆಯಲ್ಲಿ ವೋಲ್ಟ್‌ನ ನೂರನೆಯ ಭಾಗಗಳಷ್ಟೇ ಕಾಣಬೇಕು. 0.4 ವೋಲ್ಟ್ ಕಂಡರೆ ಅಲ್ಲಿ 40 ಆಂಪಿಯರ್‌ಗೆ 16 ವ್ಯಾಟ್ ಬಿಸಿ ಹುಟ್ಟುತ್ತಿದೆ. 1 ವೋಲ್ಟ್ ಕಂಡರೆ 40 ವ್ಯಾಟ್. ಒಂದು ಸೋಲ್ಡರಿಂಗ್ ಐರನ್‌ನಷ್ಟು ಬಿಸಿ, ಅದೂ ಪ್ಲಾಸ್ಟಿಕ್ ಕವಚದ ಒಳಗೆ. ಕವಚ ಕಂದು ಬಣ್ಣಕ್ಕೆ ತಿರುಗುವುದು, ಪಿನ್ ಸಡಿಲವಾಗುವುದು, ತಂತಿಯ ಸಿಪ್ಪೆ ಗಟ್ಟಿಯಾಗಿ ಬಿರುಕು ಬಿಡುವುದು, ಎಲ್ಲ ಇದರಿಂದಲೇ. ಪಿನ್ ಸಡಿಲವಾದಷ್ಟೂ ರೆಸಿಸ್ಟೆನ್ಸ್ ಏರುತ್ತದೆ, ರೆಸಿಸ್ಟೆನ್ಸ್ ಏರಿದಷ್ಟೂ ಬಿಸಿ ಜಾಸ್ತಿ. ತಾನಾಗಿ ಸರಿಹೋಗುವ ದೋಷವಲ್ಲ ಇದು.

ಎಂಸಿಬಿಯ ಎರಡು ತುದಿಗಳಿಗೂ ಇದೇ ಪರೀಕ್ಷೆ. ಎಂಸಿಬಿ ಬಿಸಿಯಾದರೆ ತನ್ನ ಮಿತಿಗಿಂತ ಕಡಿಮೆ ಕರೆಂಟ್‌ಗೇ ಬಿದ್ದುಬಿಡುತ್ತದೆ. ಅದರ ಸ್ಕ್ರೂ ಸಡಿಲ ಇದ್ದರೂ ಹೀಗೇ. ಪದೇ ಪದೇ ಬೀಳುತ್ತದೆ ಅಂತ ದೊಡ್ಡ ಎಂಸಿಬಿ ಹಾಕಿಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಂತಿಯನ್ನು ಕಾಯುವುದೇ ಅದರ ಕೆಲಸ. ದೊಡ್ಡದು ಹಾಕಿದರೆ ಅದು ಬೀಳುವ ಮೊದಲು ತಂತಿ ಸುಡುತ್ತದೆ.

ಕೆಟ್ಟ ಕನೆಕ್ಟರ್ ಸಿಕ್ಕರೆ ಉಜ್ಜಿ ಕ್ಲೀನ್ ಮಾಡಿ ಮತ್ತೆ ಹಾಕುವುದು ಪರಿಹಾರವಲ್ಲ. ಒಮ್ಮೆ ಬಿಸಿಗೆ ಸ್ಪ್ರಿಂಗ್ ಬಿಗಿತ ಕಳೆದುಕೊಂಡ ಪಿನ್ ಮತ್ತೆ ಬಿಗಿಯಾಗುವುದಿಲ್ಲ. ಗಂಡು, ಹೆಣ್ಣು ಎರಡೂ ಭಾಗ ಹೊಸದು ಹಾಕಿಸಿ, ಸರಿಯಾದ ಟೂಲ್‌ನಿಂದ ಕ್ರಿಂಪ್ ಮಾಡಿಸಿ (ತಂತಿಯ ತುದಿಗೆ ಪಿನ್ ಒತ್ತಿ ಬಿಗಿಯುವುದು). ಕಟಿಂಗ್ ಪ್ಲೇಯರ್‌ನಿಂದ ಒತ್ತಿದ ಕ್ರಿಂಪ್ ಆರು ತಿಂಗಳಿಗೆ ಮತ್ತೆ ಅದೇ ಕಥೆ.

ಹೊರಗಿನ ಎಲ್ಲ ಜೋಡಣೆಗಳೂ ಚೆನ್ನಾಗಿವೆ, ಆದರೂ ಪ್ಯಾಕ್‌ನ ತುದಿಯಲ್ಲೇ ವೋಲ್ಟೇಜ್ ಕುಸಿಯುತ್ತಿದೆ ಅಂದರೆ ಆಗ ಮಾತ್ರ "ಬ್ಯಾಟರಿ" ಅನ್ನಿ. ಪ್ಯಾಕ್‌ನಲ್ಲೂ ಸಾಮಾನ್ಯವಾಗಿ ಎಲ್ಲ ಸೆಲ್‌ಗಳೂ ಒಟ್ಟಿಗೆ ಕೆಡುವುದಿಲ್ಲ. ಒಂದು ಗುಂಪು (ಸಾಲಿನ ಒಂದು ಸೆಲ್‌ನ ಜಾಗದಲ್ಲಿ ಒಟ್ಟಿಗೆ ಜೋಡಿಸಿರುವ ಸೆಲ್‌ಗಳು) ಸೋಲುತ್ತದೆ. 15 ಗುಂಪುಗಳು 3.55 ವೋಲ್ಟ್‌ನಲ್ಲಿದ್ದು ಒಂದು ಮಾತ್ರ 2.8ಕ್ಕೆ ಬಿದ್ದರೆ ಒಟ್ಟು 56 ವೋಲ್ಟ್ ಕಾಣುತ್ತದೆ. ಹೊರಗಿನ ಮೀಟರ್‌ಗೆ ಏನೂ ಗೊತ್ತಾಗದು. ಬಿಎಂಎಸ್ ಪ್ರತಿ ಗುಂಪನ್ನೂ ಬೇರೆ ಬೇರೆಯಾಗಿ ನೋಡುತ್ತದೆ, ಸೋತ ಗುಂಪನ್ನು ಕಂಡು ಕಡಿಯುತ್ತದೆ. ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಆ್ಯಪ್‌ನಲ್ಲಿ ಅಥವಾ ಸರ್ವೀಸ್ ಕೇಂದ್ರದ ಸಾಫ್ಟ್‌ವೇರ್‌ನಲ್ಲಿ ಗುಂಪುಗಳ ವೋಲ್ಟೇಜ್ ಕೇಳಿ ಪಡೆಯಿರಿ. ನಿಂತಾಗಿನದ್ದಲ್ಲ, ಭಾರ ಬಿದ್ದಾಗಿನದ್ದು. ಒಂದೇ ಗುಂಪು ಪ್ರತಿ ಸಲವೂ ಉಳಿದವಕ್ಕಿಂತ 0.1 ವೋಲ್ಟ್‌ಗೂ ಜಾಸ್ತಿ ಹಿಂದೆ ಬೀಳುತ್ತಿದ್ದು ಆ ಅಂತರ ವಾರದಿಂದ ವಾರಕ್ಕೆ ಬೆಳೆಯುತ್ತಿದ್ದರೆ ಪ್ಯಾಕ್ ತಯಾರಕರಿಗೆ ಹೋಗಬೇಕು. ವಾರಂಟಿ ಕೇಳುವಾಗ ಈ ದಾಖಲೆಗಿಂತ ಬಲವಾದ ಮಾತು ಇನ್ನೊಂದಿಲ್ಲ.

ಬಿಎಂಎಸ್ ಬೈಪಾಸ್ ಮಾಡಿ ಓಡಿಸಿಕೊಡುತ್ತೇವೆ ಅಂತ ಹೇಳುವವರೂ ಸಿಗುತ್ತಾರೆ. ಒಪ್ಪಬೇಡಿ. ಅದು ದೋಷ ತೆಗೆದಂತಲ್ಲ, ದೋಷವನ್ನು ನೋಡುತ್ತಿದ್ದ ಕಣ್ಣು ತೆಗೆದಂತೆ.

30 ಪರ್ಸೆಂಟ್ ಇದ್ದದ್ದು ಒಮ್ಮೆಲೇ ಸೊನ್ನೆ

ಎಲ್‌ಎಫ್‌ಪಿ ಪ್ಯಾಕ್‌ಗಳಲ್ಲಿ ಇದು ಹೆಚ್ಚು. ಅವುಗಳ ವೋಲ್ಟೇಜ್ ಚಾರ್ಜ್‌ನ ಬಹುಭಾಗ 3.2ರಿಂದ 3.3ರ ಆಸುಪಾಸಿನಲ್ಲೇ ನಿಂತಿರುತ್ತದೆ. ಹಾಗಾಗಿ ವೋಲ್ಟೇಜ್ ನೋಡಿ ಪರ್ಸೆಂಟ್ ಹೇಳಲಾಗದು. ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಬಿಎಂಎಸ್ ಎಣಿಸುತ್ತಾ ಹೋಗುತ್ತದೆ. ದಿನಾ ಅರ್ಧಂಬರ್ಧ ಚಾರ್ಜ್ ಮಾಡುತ್ತಿದ್ದರೆ ಎಣಿಕೆ ತಪ್ಪುತ್ತದೆ. ಪೂರ್ತಿ 100ಕ್ಕೆ ತುಂಬಿಸಿ, ತುಂಬಿದ ಮೇಲೂ ತಯಾರಕರು ಹೇಳಿದಷ್ಟು ಹೊತ್ತು ಬಿಟ್ಟರೆ ಎಣಿಕೆ ಸರಿಯಾಗುತ್ತದೆ, ಸೆಲ್‌ಗಳೂ ಸಮ ಆಗುತ್ತವೆ. ಹೀಗೆ ಕೆಲವು ಸಲ ಮಾಡಿದರೂ ಅದೇ ತೊಂದರೆ ಇದ್ದರೆ ಹಿಂದಿನ ಭಾಗದ ಪರೀಕ್ಷೆಗೆ ಹೋಗಿ.

ಮೈಲೇಜ್ ನಿಧಾನವಾಗಿ ಕಡಿಮೆಯಾಗುತ್ತಿದ್ದರೆ ಮೊದಲು ಟಯರ್‌ನ ಗಾಳಿ ನೋಡಿ, ಆಮೇಲೆ ಬ್ರೇಕ್ ಹಿಡಿದುಕೊಂಡಿದೆಯಾ ಅಂತ ಚಕ್ರ ತಿರುಗಿಸಿ ನೋಡಿ. ಚಳಿಯಲ್ಲೂ ಕಡಿಮೆಯಾಗುವುದು ಸಹಜ.

ಡಿಸ್‌ಪ್ಲೇ ಉರಿಯುತ್ತದೆ, ಗಾಡಿ ಕದಲುವುದಿಲ್ಲ

ಮೊದಲು ಸೈಡ್ ಸ್ಟ್ಯಾಂಡ್. ಅದರ ಸ್ವಿಚ್‌ಗೆ ಕೆಸರು ಮೆತ್ತಿಕೊಂಡರೆ ಸ್ಟ್ಯಾಂಡ್ ಎತ್ತಿದರೂ ಎತ್ತಿದ್ದು ಗಾಡಿಗೆ ತಿಳಿಯದು. ಆಮೇಲೆ ಬ್ರೇಕ್ ಲಿವರ್. ಬ್ರೇಕ್ ಒತ್ತದೇ ಇರುವಾಗಲೂ ಹಿಂದಿನ ಬ್ರೇಕ್ ಲೈಟ್ ಉರಿಯುತ್ತಿದೆಯಾ? ಹಾಗಿದ್ದರೆ ಸ್ವಿಚ್ ಅಂಟಿಕೊಂಡಿದೆ. ಬ್ರೇಕ್ ಹಿಡಿದಿದ್ದಾರೆ ಅಂದುಕೊಂಡು ಕಂಟ್ರೋಲರ್ ಮೋಟಾರಿಗೆ ಕರೆಂಟ್ ಕೊಡುವುದಿಲ್ಲ. ತುಂಬಾ ಜನರ "ಕಂಟ್ರೋಲರ್ ದೋಷ" ಇಲ್ಲಿಗೇ ಮುಗಿಯುತ್ತದೆ.

ಹೊರಡುವಾಗ ಗರಗರ ಅಂದು ನಡುಗಿ, ಕೈಯಿಂದ ಸ್ವಲ್ಪ ತಳ್ಳಿದರೆ ಓಡುತ್ತದೆಯಾ? ಹಾಲ್ ಸೆನ್ಸರ್ ಮೇಲೆ ಅನುಮಾನ ಪಡಿ. 1879ರಲ್ಲಿ ಎಡ್ವಿನ್ ಹಾಲ್ ಗುರುತಿಸಿದ ತತ್ವದ ಮೇಲೆ ಕೆಲಸ ಮಾಡುವ ಈ ಸಣ್ಣ ಚಿಪ್‌ಗಳು ಸಾಮಾನ್ಯವಾಗಿ ಮೋಟಾರಿನೊಳಗೆ ಮೂರು ಇರುತ್ತವೆ. ಚಕ್ರ ಈಗ ಯಾವ ಕೋನದಲ್ಲಿದೆ ಅಂತ ಕಂಟ್ರೋಲರ್‌ಗೆ ಹೇಳುವುದು ಅವೇ. ಪರೀಕ್ಷೆ ಸುಲಭ. ಹಿಂದಿನ ಚಕ್ರ ಎತ್ತಿ, ಥ್ರಾಟಲ್‌ನ ಕನೆಕ್ಟರ್ ಬಿಚ್ಚಿಡಿ. ಕೀ ಆನ್ ಮಾಡಿ. ಸೆನ್ಸರ್ ಕನೆಕ್ಟರ್ ಕೂಡಿಸಿರುವಂತೆಯೇ ಹಿಂಬದಿಯಿಂದ ಮೀಟರ್ ಮುಟ್ಟಿಸಿ. ಮೊದಲು ಸುಮಾರು 5 ವೋಲ್ಟ್ ಸಪ್ಲೈ ಇದೆಯಾ ನೋಡಿ. ನಂತರ ಒಂದೊಂದು ಸಿಗ್ನಲ್ ತಂತಿ ಹಿಡಿದು ಚಕ್ರವನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿ. ಓದುವಿಕೆ ಸೊನ್ನೆಯ ಹತ್ತಿರಕ್ಕೂ 5ರ ಹತ್ತಿರಕ್ಕೂ ಜಿಗಿಯುತ್ತಿರಬೇಕು. ಒಂದು ತಂತಿ ಜಿಗಿಯದೇ ನಿಂತರೆ ಆ ಸೆನ್ಸರ್ ಇಲ್ಲವೇ ಅದರ ತಂತಿ ಹೋಗಿದೆ. ಹಬ್ ಮೋಟಾರ್ ಆದರೆ ಆ್ಯಕ್ಸೆಲ್‌ನಿಂದ ತಂತಿ ಹೊರಬರುವ ಜಾಗವನ್ನು ಮೊದಲು ನೋಡಿ. ಆ್ಯಕ್ಸೆಲ್ ನಟ್ ಸಡಿಲವಾದರೆ ಆ್ಯಕ್ಸೆಲ್ ತಿರುಗಿ ತಂತಿಗಳನ್ನೇ ಹಿಚುಕುತ್ತದೆ.

ಕೀ ಆಫ್ ಇರುವಾಗಲೂ ಚಕ್ರ ತಿರುಗಿಸಲು ಬಿಗಿ, ತಡೆತಡೆದು ತಿರುಗುತ್ತದೆ ಅಂದರೆ ಮೋಟಾರಿನ ಮೂರು ದಪ್ಪ ತಂತಿಗಳನ್ನು ಕಂಟ್ರೋಲರ್‌ನಿಂದ ಬಿಚ್ಚಿ, ಒಂದಕ್ಕೊಂದು ತಗಲದಂತೆ ಇಟ್ಟು ಮತ್ತೆ ತಿರುಗಿಸಿ. ಈಗ ಹಗುರವಾದರೆ ಕಂಟ್ರೋಲರ್‌ನ ಮಾಸ್‌ಫೆಟ್ (ಮೋಟಾರಿನ ಕರೆಂಟನ್ನು ಆನ್ ಆಫ್ ಮಾಡುವ ಬಿಡಿಭಾಗ) ಶಾರ್ಟ್ ಆಗಿದೆ. ಆಗಲೂ ಬಿಗಿಯೇ ಇದ್ದರೆ ಬ್ರೇಕ್, ಬೇರಿಂಗ್ ಅಥವಾ ಮೋಟಾರಿನ ಒಳಗಿನ ಶಾರ್ಟ್. ಈ ಸ್ಥಿತಿಯಲ್ಲಿ ಗಾಡಿ ಓಡಿಸಬೇಡಿ. ಓಡುತ್ತಿರುವಾಗಲೇ ಮೋಟಾರ್ ಬ್ರೇಕಿನಂತೆ ಹಿಡಿದುಕೊಳ್ಳುತ್ತದೆ.

ತಿರುಗಿಸದೆಯೇ ಎಳೆಯುವ ಥ್ರಾಟಲ್

ನಿಂತ ಗಾಡಿಯಿಂದ ಸಿಟ್ಟು ಬರಬಹುದು. ತಾನಾಗಿ ಮುನ್ನುಗ್ಗುವ ಗಾಡಿಯಿಂದ ಜೀವ ಹೋಗಬಹುದು. ಹಾಗಾಗಿ ಒಂದೇ ಒಂದು ಸಲ ಹೀಗಾದರೂ ಹಗುರವಾಗಿ ತೆಗೆದುಕೊಳ್ಳಬೇಡಿ.

ಸಾಮಾನ್ಯ ಥ್ರಾಟಲ್‌ಗೆ ಮೂರು ತಂತಿ: 5 ವೋಲ್ಟ್, ಗ್ರೌಂಡ್, ಸಿಗ್ನಲ್. ಬಿಟ್ಟಾಗ ಸಿಗ್ನಲ್ ಸುಮಾರು 0.8 ವೋಲ್ಟ್, ಪೂರ್ತಿ ತಿರುಗಿಸಿದಾಗ 4ರ ಆಸುಪಾಸು. ಗ್ರೌಂಡ್ ತಂತಿ ಕಡಿದರೆ ಸಿಗ್ನಲ್ 5 ವೋಲ್ಟ್ ಕಡೆಗೆ ಏರಿಬಿಡಬಹುದು. ಒಳ್ಳೆಯ ಕಂಟ್ರೋಲರ್ ಇದು ಅಸಹಜ ಅಂತ ಗುರುತಿಸಿ ನಿಲ್ಲಿಸುತ್ತದೆ. ಅಗ್ಗದ ಕಂಟ್ರೋಲರ್ "ಪೂರ್ತಿ ವೇಗ ಬೇಕಂತೆ" ಅಂದುಕೊಳ್ಳುತ್ತದೆ. ಈ ತಂತಿ ಸವೆಯುವ ಜಾಗ ಹೆಚ್ಚಾಗಿ ಹ್ಯಾಂಡಲ್‌ನ ಕುತ್ತಿಗೆ. ದಿನಾ ನೂರಾರು ಸಲ ಅತ್ತಿತ್ತ ತಿರುಗುತ್ತದೆ ಅಲ್ವಾ? ಕೀ ಆನ್ ಮಾಡಿದರೆ ಚಕ್ರ ತಾನಾಗಿ ತಿರುಗಬಹುದು. ಅದಕ್ಕೇ ಚಕ್ರ ಎತ್ತಿಟ್ಟು, ಮೋಟಾರಿನ ಮೂರು ತಂತಿಗಳನ್ನು ಬಿಚ್ಚಿ ಬೇರೆ ಬೇರೆ ಟೇಪ್ ಸುತ್ತಿ. ಈಗ ಸಿಗ್ನಲ್ ತಂತಿಗೆ ಮೀಟರ್ ಹಿಡಿದು, ಥ್ರಾಟಲ್ ಮುಟ್ಟದೆ ಹ್ಯಾಂಡಲ್ ಮಾತ್ರ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಅಂಕಿ ಅಲುಗಿದರೆ ದೋಷ ಸಿಕ್ಕಿತು. ಥ್ರಾಟಲ್ ಬಿಟ್ಟ ಕೂಡಲೇ ತಟ್ಟನೆ ಹಿಂದಕ್ಕೆ ಬರದಿದ್ದರೂ ಬದಲಿಸಿ.

ಇದರ ಜೊತೆಗೆ ಇನ್ನೊಂದು ಪರೀಕ್ಷೆ. ಇದನ್ನು ವಾರಕ್ಕೊಮ್ಮೆ ಪ್ರತಿಯೊಬ್ಬರೂ ಮಾಡಬೇಕು ಅನ್ನುವುದು ನನ್ನ ಕಳಕಳಿ. ಚಕ್ರ ಎತ್ತಿಟ್ಟು ಸ್ವಲ್ಪವೇ ಥ್ರಾಟಲ್ ಕೊಟ್ಟು, ಹಿಡಿದಿರುವಂತೆಯೇ ಬ್ರೇಕ್ ಲಿವರನ್ನು ಮೆಲ್ಲಗೆ ಒತ್ತಿ. ಬ್ರೇಕ್ ಚಕ್ರವನ್ನು ಹಿಡಿಯುವ ಮೊದಲೇ ಮೋಟಾರಿನ ಕರೆಂಟ್ ಕಡಿಯಬೇಕು. ಎರಡೂ ಲಿವರ್‌ಗಳನ್ನು ಬೇರೆ ಬೇರೆಯಾಗಿ ನೋಡಿ. ಥ್ರಾಟಲ್ ಕೈಕೊಟ್ಟ ದಿನ ನಿಮ್ಮನ್ನು ಉಳಿಸುವುದು ಈ ಸ್ವಿಚ್.

ಬ್ರೇಕಿನ ಬಗ್ಗೆ ಇಷ್ಟು ಸಾಕು: ಬ್ಯಾಟರಿ ಪೂರ್ತಿ ತುಂಬಿದ್ದಾಗ ರೀಜೆನ್ ಬ್ರೇಕ್ (ಗಾಡಿಯ ವೇಗ ಇಳಿಸುತ್ತಾ ಮೋಟಾರೇ ಬ್ಯಾಟರಿಗೆ ಕರೆಂಟ್ ತುಂಬುವುದು) ಕೆಲಸ ಮಾಡದಿರಬಹುದು. ತುಂಬಿದ ಬ್ಯಾಟರಿಗೆ ಇನ್ನಷ್ಟು ತುಂಬಲಾಗದು. ಬೆಳಗ್ಗೆ ಹೊರಟ ಕೂಡಲೇ ಇಳಿಜಾರು ಇದ್ದರೆ ಇದು ನೆನಪಿರಲಿ. ಅದು ದೋಷವಲ್ಲ.

ಚಾರ್ಜ್ ಆಗುವುದಿಲ್ಲ, ಅಥವಾ ಚಾರ್ಜರ್ ಬಿಸಿ

ಚಾರ್ಜರ್‌ನ ಮೇಲೆ ಬರೆದ ಔಟ್‌ಪುಟ್ ವೋಲ್ಟೇಜ್ ಓದಿ. "60 ವೋಲ್ಟ್ ಚಾರ್ಜರ್" ಅನ್ನುವ ಹೆಸರು ನಂಬಬೇಡಿ. 16 ಸೆಲ್ ಸಾಲಿನ ಎನ್‌ಎಂಸಿ ಪ್ಯಾಕ್‌ಗೆ ಬೇಕಾದ್ದು 67.2 ವೋಲ್ಟ್, 17 ಸೆಲ್‌ಗೆ 71.4. ಎರಡನ್ನೂ 60 ವೋಲ್ಟ್ ಅಂತಲೇ ಮಾರುತ್ತಾರೆ. 71.4ರ ಚಾರ್ಜರನ್ನು 16 ಸೆಲ್ ಪ್ಯಾಕ್‌ಗೆ ಹಾಕಿದರೆ ಪ್ರತಿ ಸೆಲ್‌ಗೆ 4.46 ವೋಲ್ಟ್ ಆಗುತ್ತದೆ. ಮಿತಿ 4.2. ನಡುವೆ ನಿಂತಿರುವುದು ಬಿಎಂಎಸ್ ಒಂದೇ. ಲೆಡ್ ಆ್ಯಸಿಡ್ ಬ್ಯಾಟರಿಯ ಚಾರ್ಜರನ್ನು ಲಿಥಿಯಂಗೆ ಹಾಕುವುದೂ ತಪ್ಪು, ಪ್ಲಗ್ ಸರಿಯಾಗಿ ಕೂತರೂ ತಪ್ಪು.

ಚಾರ್ಜರ್‌ನ ತುದಿಯಲ್ಲಿ ಮೀಟರ್ ಸೊನ್ನೆ ತೋರಿಸಿತು ಅಂತ ಚಾರ್ಜರ್ ಕೆಟ್ಟಿದೆ ಅನ್ನಬೇಡಿ. ಬ್ಯಾಟರಿಯ ಜೊತೆ ಮಾತಾಡಿದ ನಂತರವೇ ಔಟ್‌ಪುಟ್ ಕೊಡುವ ಚಾರ್ಜರ್‌ಗಳಿವೆ. ಹಾಕಿದ ಕೂಡಲೇ ಹಸಿರು ಲೈಟ್ ಬಂದರೆ ಪ್ಯಾಕ್ ತುಂಬಿರಬೇಕು, ಇಲ್ಲವೇ ಪಿನ್ ಒಳಗೆ ಸರಿದಿರಬೇಕು, ಇಲ್ಲವೇ ಬಿಎಂಎಸ್ ಚಾರ್ಜ್ ತಡೆದಿರಬೇಕು. ಓಡಿಸಿ ಬಂದ ಬಿಸಿ ಬ್ಯಾಟರಿಯನ್ನು ತಣ್ಣಗಾಗುವವರೆಗೆ ಬಿಎಂಎಸ್ ತಡೆಯುವುದು ಸಹಜ. ಹೆಚ್ಚಿನ ಸೆಲ್‌ಗಳಿಗೆ ಚಾರ್ಜ್‌ನ ಮಿತಿ ಸೊನ್ನೆಯಿಂದ 45 ಡಿಗ್ರಿ ಸೆಲ್ಸಿಯಸ್. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಒಳಗೆ ಮೆತ್ತಿಕೊಳ್ಳುತ್ತದೆ, ಮುಂದೆ ಶಾರ್ಟ್‌ಗೆ ದಾರಿಯಾಗುತ್ತದೆ.

ಚಾರ್ಜಿಂಗ್ ಪ್ಲಗ್‌ನ ಪಿನ್‌ಗಳಲ್ಲಿ ಹಸಿರು ಕಿಲುಬು ಕಂಡರೆ, ಪ್ಲಗ್ ಕೈಗೆ ಸುಡುವಷ್ಟು ಬಿಸಿಯಾದರೆ ನಿಲ್ಲಿಸಿ ಬದಲಿಸಿ. ತೆಳುವಾದ ಎಕ್ಸ್‌ಟೆನ್ಷನ್ ವೈರ್ ಬೇಡ. ಮನೆಯಿಂದ ಹೊರಹೋಗುವ ಬಾಗಿಲಿನ ಬಳಿ, ಮೆಟ್ಟಿಲ ಕೆಳಗೆ ಚಾರ್ಜ್ ಹಾಕಬೇಡಿ. ಬೆಂಕಿ ಬಿದ್ದರೆ ಓಡಲು ಇರುವ ದಾರಿ ಅದೇ. ಎಲ್ಲರೂ ಮಲಗಿರುವ ಹೊತ್ತಿನಲ್ಲೂ ಬೇಡ.

ತಿಂಗಳುಗಟ್ಟಲೆ ನಿಲ್ಲಿಸಿದ್ದ ಗಾಡಿಯ ಬಗ್ಗೆ ವಿಶೇಷವಾಗಿ ಹೇಳಬೇಕು. ಸೆಲ್‌ನ ವೋಲ್ಟೇಜ್ ತೀರಾ ಕೆಳಗೆ, 2 ವೋಲ್ಟ್‌ಗೂ ಕೆಳಗೆ ಬಿದ್ದು ಹಾಗೇ ಉಳಿದರೆ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗಬಹುದು. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇರೆ ಜಾಗದಲ್ಲಿ ಕೂತು ಶಾರ್ಟ್ ಮಾಡಬಹುದು. ಬಿಎಂಎಸ್ ಚಾರ್ಜ್ ಒಪ್ಪದಿರುವುದು ಇದಕ್ಕಾಗಿಯೇ. ಬೇರೆ ಚಾರ್ಜರ್‌ನಿಂದ ನೇರ ಕರೆಂಟ್ ಕೊಟ್ಟು ಅದನ್ನು "ಎಬ್ಬಿಸುವ" ವಿಡಿಯೋಗಳನ್ನು ನೋಡಿ ಪ್ರಯೋಗ ಮಾಡಬೇಡಿ. ಎದ್ದ ಬ್ಯಾಟರಿ ಒಂದು ವಾರ ಚೆನ್ನಾಗಿಯೇ ಓಡಬಹುದು. ಆಮೇಲೆ ಒಂದು ರಾತ್ರಿ ಚಾರ್ಜ್‌ನಲ್ಲಿರುವಾಗ ಏನಾಗುತ್ತದೆ ಅಂತ ಹೇಳಲಾಗದು.

12 ವೋಲ್ಟ್ ಬದಿಯ ಕಾಟ

ಹಾರ್ನ್ ಒತ್ತಿದಾಗ ಡಿಸ್‌ಪ್ಲೇ ಮಿನುಗುತ್ತದೆ, ಇಂಡಿಕೇಟರ್ ಹಾಕಿದರೆ ಗಾಡಿ ರೀಸ್ಟಾರ್ಟ್ ಆಗುತ್ತದೆ. ದೊಡ್ಡ ಬ್ಯಾಟರಿಯ ತಂಟೆಗೆ ಹೋಗುವ ಮುಂಚೆ ಡಿಸಿ ಕನ್ವರ್ಟರ್‌ನ ಔಟ್‌ಪುಟ್‌ಗೆ ಮೀಟರ್ ಹಿಡಿದು ಲೈಟ್, ಹಾರ್ನ್, ಇಂಡಿಕೇಟರ್ ಒಟ್ಟಿಗೆ ಹಾಕಿ. 12ರ ಆಸುಪಾಸಿನಲ್ಲೇ ನಿಲ್ಲಬೇಕು. ಕುಸಿದರೆ ಕನ್ವರ್ಟರ್ ಸೋತಿದೆ, ಇಲ್ಲವೇ ಹೊರಗಿನಿಂದ ಹಾಕಿಸಿದ ಫಾಗ್ ಲೈಟ್ ಅದಕ್ಕೆ ಭಾರವಾಗಿದೆ. ಅಲ್ಲಿ ಸರಿ ಇದ್ದು ಡಿಸ್‌ಪ್ಲೇಯ ಬಳಿ ಮಾತ್ರ ಕಡಿಮೆ ಇದ್ದರೆ ಗ್ರೌಂಡ್ ತಂತಿ ನೋಡಿ.

ರಿಪೇರಿಯ ನಂತರ

ಭಾಗ ಬದಲಿಸಿದ ಮೇಲೆ ಅಂಗಳದಲ್ಲಿ ಒಂದು ಸುತ್ತು ಹೊಡೆದು "ಸರಿ ಆಯ್ತು" ಅನ್ನಬೇಡಿ. ದೋಷ ಯಾವ ಏರಿನಲ್ಲಿ, ಎಷ್ಟು ಚಾರ್ಜ್ ಇರುವಾಗ ಬಂದಿತ್ತು ಅಂತ ಬರೆದಿಟ್ಟಿದ್ದೀರಲ್ಲ? ಅದೇ ಏರು, ಅದೇ ಚಾರ್ಜ್, ಅಷ್ಟೇ ಭಾರ ಇಟ್ಟು ಓಡಿಸಿ. ನಂತರ ಕೀ ಆಫ್ ಮಾಡಿ, ಪ್ರತಿ ಕನೆಕ್ಟರ್‌ನ ಕವಚವನ್ನು ಹೊರಗಿನಿಂದ ಕೈಯಲ್ಲಿ ಮುಟ್ಟಿ ಅಥವಾ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿ. ಒಂದು ಮಾತ್ರ ಉಳಿದವಕ್ಕಿಂತ ಬಿಸಿ ಇದ್ದರೆ ಆ ಜೋಡಣೆಯ ಎರಡು ಕಡೆ ವೋಲ್ಟೇಜ್ ಕುಸಿತವನ್ನು ಮತ್ತೆ ಅಳೆಯಿರಿ. ಹಳೆಯ ಅಂಕಿಯ ಪಕ್ಕದಲ್ಲೇ ಹೊಸ ಅಂಕಿಯನ್ನು ತಾರೀಕಿನ ಜೊತೆ ಬರೆದಿಡಿ. ತಿಂಗಳ ನಂತರ ಇನ್ನೊಮ್ಮೆ ಅಳೆದಾಗ ಹೋಲಿಸಲು ಅದು ಬೇಕಾಗುತ್ತದೆ.